ಷರಾ: ಗಾಳಿ

ಆ ಕಾರ್ಖಾನೆಯಲ್ಲಿ ಅವನ ನಿಜವಾದ ಹೆಸರು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರರವರೆಗೆ ಎಲ್ಲರ ಬಾಯಲ್ಲೂ ಅವನು ಕಿವಿಯಪ್ಪ. ಆ ಹೆಸರನ್ನು ಅಂಟಿಸಿದವನು ಅವನ ಅಕ್ಕನ ಗಂಡ. "ನಾವೆಲ್ಲ ಕೈಯಲ್ಲಿ ದುಡಿದು ತಿಂತೀವಿ, ನಮ್ಮ ಭಾವಮೈದ ಮಾತ್ರ ಕಿವಿಯಲ್ಲಿ ದುಡಿದು ತಿಂತಾನೆ" ಎಂದು ಭಾವ ಒಂದು ದಿನ ಕ್ಯಾಂಟೀನಿನಲ್ಲಿ ಅಂದದ್ದೇ ತಡ, ಸಂಜೆಯ ಹೊತ್ತಿಗೆ ಇಡೀ ಶೆಡ್ಡು ಅವನನ್ನು ಹಾಗೇ ಕರೆಯತೊಡಗಿತ್ತು. ಕಿವಿಯಪ್ಪನಿಗೆ ಬೇಸರವೇನೂ ಆಗಲಿಲ್ಲ. ಅವನನ್ನು ಆ ಕೆಲಸಕ್ಕೆ ಸೇರಿಸಿದವನೂ ಭಾವನೇ. ಹತ್ತು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡ ಅವನನ್ನು ಸಾಕಿದವಳು ಅಕ್ಕ. ಮದುವೆಯಾಗಿ ಹೋಗುವಾಗ ತಮ್ಮನ ಕೈಯನ್ನೂ ಹಿಡಿದುಕೊಂಡೇ ಹೋದಳು. ಹೊಸ ಸಂಸಾರಕ್ಕೆ ಜೊತೆಯಾಗಿ ಬಂದ ಈ ಹುಡುಗನ ಮೇಲೆ ಭಾವ ಒಂದು ದಿನವೂ ಮುಖ ಗಂಟಿಕ್ಕಿದವನಲ್ಲ. ತಾನೂ ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೂ ಕಿವಿಯಪ್ಪ ಅಕ್ಕನ ಮನೆಗೆ ಹೋಗಿಬರುವುದನ್ನು ಬಿಟ್ಟಿರಲಿಲ್ಲ.

ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ದೊಡ್ಡ ಫ್ಯಾನುಗಳು. ಮನೆಯ ಸೂರಿಗೆ ತೂಗುಹಾಕುವಂಥವಲ್ಲ. ದೊಡ್ಡ ಕಟ್ಟಡಗಳ ನೆಲಮಾಳಿಗೆಯಿಂದ, ಸಭಾಂಗಣಗಳಿಂದ ಕೆಟ್ಟ ಗಾಳಿಯನ್ನು ಎಳೆದು ಹೊರಗೆ ದಬ್ಬುವಂಥವು. ಕೆಲವು ಆಳೆತ್ತರ ಇರುತ್ತಿದ್ದವು. ಭಾವ ಅವುಗಳನ್ನು ಜೋಡಿಸುವ ಹಿರಿಯ ಫಿಟ್ಟರ್. ಜೋಡಿಸಿದ ಫ್ಯಾನು ಎಷ್ಟು ಸದ್ದು ಮಾಡುತ್ತದೆ ಎಂದು ಅಳೆದು, ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕುವವನು ಕಿವಿಯಪ್ಪ. ಶೆಡ್ಡಿನ ತುದಿಯಲ್ಲಿ ದಪ್ಪ ಬಾಗಿಲಿನ, ಗೋಡೆಗೆಲ್ಲ ಮೆತ್ತೆ ಹೊದಿಸಿದ ಕೋಣೆಯೊಂದಿತ್ತು. ಅದರ ಪಕ್ಕದಲ್ಲೇ ತಗಡಿನ ಉದ್ದನೆಯ ಕೊಳವೆ. ಫ್ಯಾನನ್ನು ಕೊಳವೆಯ ಬಾಯಿಗೆ ಕಟ್ಟಿ ಓಡಿಸುವುದು, ಕೊಳವೆಯೊಳಗೆ ಮೈಕು ಇಟ್ಟು ಕೋಣೆಯಲ್ಲಿ ಕೂತು ಕೇಳುವುದು. ಇಷ್ಟೇ ಕೆಲಸ.

ತೊಡಕು ಇದ್ದದ್ದು ಇಲ್ಲಿ: ಮೈಕಿಗೆ ಫ್ಯಾನಿನ ಸದ್ದು ಯಾವುದು, ತನ್ನ ಮುಖಕ್ಕೇ ಬಂದು ಬಡಿಯುವ ಗಾಳಿ ಯಾವುದು ಎಂಬ ಭೇದ ತಿಳಿಯುವುದಿಲ್ಲ. ಬಯಲಲ್ಲಿ ನಿಂತು ಫೋನು ಮಾಡಿದರೆ ಆಚೆಯವರಿಗೆ ನಮ್ಮ ಮಾತಿಗಿಂತ ಬುರ್ ಬುರ್ ಎಂಬ ಗಾಳಿಯೇ ಹೆಚ್ಚು ಕೇಳುತ್ತದಲ್ಲ, ಅದೇ ಕಥೆ. ಕೊಳವೆಯಲ್ಲಂತೂ ಗಾಳಿ ರಭಸದಿಂದ ನುಗ್ಗುತ್ತಿತ್ತು. ಮೆತ್ತಗೆ ಓಡುವ ಫ್ಯಾನೂ ಅಳತೆಯಲ್ಲಿ ಗದ್ದಲದ ಫ್ಯಾನಾಗಿ, ಕೊಂಡವರು ಹಿಂದಿರುಗಿಸುತ್ತಿದ್ದರು. ಮೊದಲು ಅಲ್ಲಿದ್ದವರು ಮೈಕಿಗೆ ಸ್ಪಂಜಿನ ಚೆಂಡೊಂದನ್ನು ಸಿಕ್ಕಿಸಿ ಕೈತೊಳೆದುಕೊಂಡಿದ್ದರು. ಸಣ್ಣ ಗಾಳಿಗೆ ಅದು ಸಾಕು. ಇಲ್ಲಿನ ಗಾಳಿಗೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ಕಿವಿಯಪ್ಪ ಅದರ ಬೆನ್ನು ಹತ್ತಿದ. ಗಾಳಿಯನ್ನು ಸೀಳುವ ಮೊನಚು ಟೊಪ್ಪಿಗೆಯನ್ನು ಲೇತಿನಲ್ಲಿ ಕಡೆಸಿ ಮೈಕಿಗೆ ತೊಡಿಸಿದ. ಸ್ವಲ್ಪ ಗುಣ ಕಂಡಿತು. ಆಮೇಲೆ ಮೈಕಿನ ಮುಂದೆ ಮೊಳದುದ್ದದ ಲೋಹದ ನಳಿಗೆಯೊಂದನ್ನು ಕೂರಿಸಿ, ಅದರ ಉದ್ದಕ್ಕೂ ಸೀಳು ಬಿಡಿಸಿ, ಸೀಳಿಗೆ ಬಟ್ಟೆ ಮುಚ್ಚಿದ. ಫ್ಯಾನಿನ ಸದ್ದು ಬಟ್ಟೆಯ ಮೂಲಕ ಒಳಗೆ ಇಳಿಯುತ್ತದೆ, ಗಾಳಿಯ ಹೊಡೆತಗಳು ಉದ್ದಕ್ಕೂ ಹಂಚಿಹೋಗಿ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಎಲ್ಲವೂ ಬಟ್ಟೆಯ ಮೇಲೆ ನಿಂತಿತ್ತು. ತೀರ ದಪ್ಪವಾದರೆ ಸದ್ದೂ ಸಾಯುತ್ತದೆ, ತೆಳುವಾದರೆ ಗಾಳಿ ನುಗ್ಗುತ್ತದೆ. ಅಕ್ಕ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಅವಳ ತುಂಡುಬಟ್ಟೆಯ ಚೀಲವನ್ನೆಲ್ಲ ನೆಲಕ್ಕೆ ಸುರಿದು, ಒಂದೊಂದನ್ನೂ ತುಟಿಗೆ ಹಿಡಿದು ಊದಿ ನೋಡುತ್ತ ತಿಂಗಳುಗಟ್ಟಲೆ ಕಳೆದ. ಕೊನೆಗೆ ಒಪ್ಪಿದ್ದು ಯಾರದೋ ಕೋಟಿನ ಒಳಪದರಕ್ಕೆ ತಂದು ಉಳಿದಿದ್ದ ಬೂದುಬಣ್ಣದ ನೇಯ್ಗೆ. ಅಕ್ಕ ಅದನ್ನು ನಳಿಗೆಗೆ ಸರಿಯಾಗಿ, ಸುಕ್ಕಿಲ್ಲದಂತೆ ಚೀಲದ ಹಾಗೆ ಹೊಲಿದುಕೊಟ್ಟಳು.

"ಅಲ್ಲ ಕಣೇ, ಹೊಲಿಯೋದು ಹೊಲಿದೆ, ಒಂದು ಜೇಬೂ ಇಡ್ಬಾರದಾ ಮೈಕಿಗೆ?" ಎಂದು ಭಾವ ನಕ್ಕಿದ್ದ.

ಆ ನಳಿಗೆ ಬಂದ ಮೇಲೆ ಫ್ಯಾನುಗಳು ವಾಪಸು ಬರುವುದು ನಿಂತಿತು. ಮ್ಯಾನೇಜರು ಎಲ್ಲರೆದುರು ಬೆನ್ನು ತಟ್ಟಿದರು. ಬಹುಮಾನವೆಂದು ಉರುಳುವ ಗಾಲಿಗಳಿದ್ದ ಒಂದು ಕುರ್ಚಿ ಬಂತು. ಭಾವ ಊಟದ ಬಿಡುವಿನಲ್ಲಿ ಅದರ ಮೇಲೆ ಕೂತು ಕೋಣೆಯ ಈ ತುದಿಯಿಂದ ಆ ತುದಿಗೆ ಜಾರಿ, "ಪ್ರಯಾಣದ ಭತ್ಯೆನೂ ಕೇಳು" ಅನ್ನುತ್ತಿದ್ದ.

ನಳಿಗೆಗೂ ಬಗ್ಗದೆ ಉಳಿದದ್ದು ಒಂದಿತ್ತು. ಕಂಪ್ಯೂಟರಿನ ತೆರೆಯ ಮೇಲೆ ಸದ್ದು ಗೆರೆಯಾಗಿ ಮೂಡುವಾಗ, ಎಡಗಡೆಯ ತುದಿಯಲ್ಲಿ, ಅಂದರೆ ಕಿವಿಗೆ ಹೆಚ್ಚುಕಮ್ಮಿ ಕೇಳಿಸದಷ್ಟು ತಗ್ಗಿನ ಸದ್ದುಗಳ ಜಾಗದಲ್ಲಿ, ಮಣ್ಣಿನ ದಿಬ್ಬದಂಥ ಒಂದು ಉಬ್ಬು ಯಾವಾಗಲೂ ಕಾಣುತ್ತಿತ್ತು.

"ಇದೇನ್ರೀ ಇದು?" ಎಂದು ಮ್ಯಾನೇಜರು ಶುರುವಿನಲ್ಲಿ ಕೇಳಿದ್ದರು.

"ಗಾಳಿ ಸರ್. ಫ್ಯಾನಿಂದಲ್ಲ."

"ಹಾಗಾದ್ರೆ ಷರಾದಲ್ಲಿ ಹಾಗೇ ಬರೀರಿ. ನೋಡಿದವರು ಗಾಬರಿಯಾಗೋದು ಬೇಡ."

ಅಂದಿನಿಂದ ಪ್ರತಿ ಹಾಳೆಯ ಕೆಳಗೆ ಷರಾ ಎಂದಿರುವಲ್ಲಿ ಅವನು 'ಗಾಳಿ' ಎಂದು ಬರೆದ. ಅದು ಸುಳ್ಳಾಗಿರಲಿಲ್ಲ. ವರ್ಷಗಟ್ಟಲೆ, ನೂರಾರು ಹಾಳೆಗಳಲ್ಲಿ ಅದು ನಿಜವೇ ಆಗಿತ್ತು. ಬರೆದೂ ಬರೆದೂ ಕೈಗೆ ಎಷ್ಟು ರೂಢಿಯಾಯಿತೆಂದರೆ, ಕೆಲವು ಸಲ ಫ್ಯಾನು ನಿಲ್ಲುವ ಮೊದಲೇ ಷರಾ ಬರೆದು ಮುಗಿದಿರುತ್ತಿತ್ತು.

ಆದರೂ ಆ ದಿಬ್ಬ ಅವನ ಮನಸ್ಸಿನಲ್ಲಿ ಹಲ್ಲಿಗೆ ಸಿಕ್ಕ ನಾರಿನಂತೆ ಇದ್ದೇ ಇತ್ತು. ಸರ್ವೀಸಿನ ಹದಿನೆಂಟನೆಯ ವರ್ಷದಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ಒಂದರ ಬದಲು ಎರಡು ಮೈಕು, ಎರಡು ನಳಿಗೆ, ನಡುವೆ ಎರಡು ಗೇಣು ಅಂತರ. ಫ್ಯಾನಿನ ಸದ್ದು ಎರಡಕ್ಕೂ ಒಂದೇ ರೀತಿ ತಲುಪುತ್ತದೆ. ಗಾಳಿಯ ಹೊಡೆತ ಹಾಗಲ್ಲ, ಇದರ ಮೇಲೆ ಬಿದ್ದದ್ದೇ ಬೇರೆ, ಅದರ ಮೇಲೆ ಬಿದ್ದದ್ದೇ ಬೇರೆ. ಇಬ್ಬರು ಸಾಕ್ಷಿಗಳನ್ನು ಬೇರೆ ಬೇರೆ ಕೂರಿಸಿ ಕೇಳಿದ ಹಾಗೆ, ಇಬ್ಬರೂ ಒಪ್ಪಿದ್ದನ್ನು ಮಾತ್ರ ಉಳಿಸಿಕೊಂಡರೆ ಗಾಳಿ ತಾನಾಗಿ ಕಳಚಿಬೀಳುತ್ತದೆ. ಅಕ್ಕನಿಂದ ಇನ್ನೊಂದು ಚೀಲ ಹೊಲಿಸಿದ. ಎರಡೂ ಮೈಕಿನ ಸದ್ದನ್ನು ಕಂಪ್ಯೂಟರಿನಲ್ಲಿ ಕೂಡಿಡಲು ಶುರುಮಾಡಿದ. ಎರಡನ್ನೂ ಹೋಲಿಸುವ ಲೆಕ್ಕ ಮಾತ್ರ ಇನ್ನೂ ಅರ್ಧಕ್ಕೇ ನಿಂತಿತ್ತು. ಬಿಡುವಾದಾಗ ಮಾಡಿದರಾಯಿತು ಅಂದುಕೊಂಡಿದ್ದ.

ಆ ಫ್ಯಾನು ಅಳತೆಗೆ ಬಂದದ್ದು ಅದೇ ದಿನಗಳಲ್ಲಿ. ಆಳೆತ್ತರದ್ದು, ದೊಡ್ಡ ಕಟ್ಟಡವೊಂದರ ನೆಲಮಾಳಿಗೆಗೆ ಹೋಗಬೇಕಾದದ್ದು. ಮಧ್ಯಾಹ್ನ ಮೂರು ಗಂಟೆಯಾಗಿತ್ತು. ಬೆಳಗಿನಿಂದ ಒಂದರ ಹಿಂದೊಂದು ಫ್ಯಾನು ಬಂದು ಅವನು ಊಟಕ್ಕೂ ಎದ್ದಿರಲಿಲ್ಲ. ಗೆರೆ ಮೂಡಿತು. ಎಡಗಡೆ ಎಂದಿನಂತೆ ದಿಬ್ಬ. ದಿಬ್ಬದ ನಡುವೆ ತೆಳ್ಳನೆಯ ಒಂದು ಮುಳ್ಳು ನೆಟ್ಟಗೆ ನಿಂತಿತ್ತು.

ಕಿವಿಯಪ್ಪ ಅದನ್ನು ನೋಡಿದ. ನೋಡಲಿಲ್ಲ ಎಂದು ಮುಂದೆ ಅವನು ತನಗೆ ತಾನೇ ಹೇಳಿಕೊಳ್ಳಲು ಎಷ್ಟು ಯತ್ನಿಸಿದರೂ ಆಗಲಿಲ್ಲ. ಗಾಳಿ ಎಂದೂ ಮುಳ್ಳಿನಂತೆ ನಿಲ್ಲುವುದಿಲ್ಲ, ಅದು ಹರಡಿಕೊಂಡು ಬೀಳುತ್ತದೆ. ಮುಳ್ಳಿನಂತೆ ನಿಲ್ಲುವುದು ತಿರುಗುವ ಯಂತ್ರ. ಸೆಕೆಂಡಿಗೆ ಇಪ್ಪತ್ನಾಲ್ಕು ಕಂಪನದ ಜಾಗದಲ್ಲಿ ಅದು ನಿಂತಿತ್ತು. ಆ ಫ್ಯಾನು ಸೆಕೆಂಡಿಗೆ ಸುತ್ತುವುದೂ ಇಪ್ಪತ್ನಾಲ್ಕೇ ಸುತ್ತು. ಅಂದರೆ ಸುತ್ತಿಗೊಮ್ಮೆ ಯಾವುದೋ ರೆಕ್ಕೆ ಸಮತೂಕ ತಪ್ಪುತ್ತಿರಬಹುದು. ಇನ್ನೊಮ್ಮೆ ಓಡಿಸಿ ನೋಡೋಣ ಎಂದು ಅವನು ಕುರ್ಚಿಯಿಂದ ಎದ್ದ. ಬಾಗಿಲಲ್ಲಿ ಮ್ಯಾನೇಜರು ನಿಂತಿದ್ದರು.

"ಆಯ್ತೇನ್ರೀ? ಲಾರಿಯವನು ಆಗಿನಿಂದ ಹಾರ್ನ್ ಹೊಡೀತಿದ್ದಾನೆ."

"ಇನ್ನೊಂದ್ಸಲ ಓಡಿಸ್ಲಾ ಅಂತ, ಸರ್."

"ಯಾಕೆ, ಏನಾದ್ರೂ ಇದೆಯಾ?"

ಅವನು ಹಿಂದಿರುಗಿ ತೆರೆಯನ್ನು ನೋಡಿದ. "ಗಾಳಿ ಇರಬೇಕು."

"ಇರಬೇಕು ಅಂದ್ರೆ?"

"ಗಾಳಿನೇ, ಸರ್."

ಯಾಕೆ ಹಾಗಂದೆ ಎಂದು ಅವನು ಆಮೇಲೆ ಸಾವಿರ ಸಲ ತನ್ನನ್ನೇ ಕೇಳಿಕೊಂಡ. ಮ್ಯಾನೇಜರು ಗದರಿರಲಿಲ್ಲ, ಹೆದರಿಸಿರಲಿಲ್ಲ. ಇನ್ನೊಮ್ಮೆ ಓಡಿಸ್ತೀನಿ ಅಂದಿದ್ದರೆ ಗೊಣಗಿಕೊಂಡು ಹೋಗುತ್ತಿದ್ದರು, ಅಷ್ಟೆ. ಅವನಿಗೆ ಹಸಿವಾಗಿತ್ತು. ಅದಕ್ಕಿಂತ ದೊಡ್ಡ ಕಾರಣ ಎಷ್ಟು ಹುಡುಕಿದರೂ ಸಿಗಲಿಲ್ಲ. ಷರಾ ಬರೆದ, ಸಹಿ ಹಾಕಿದ, ಡಬ್ಬಿ ಬಿಚ್ಚಿಕೊಂಡು ಆರಿದ ಊಟವನ್ನು ತಿಂದ.

ಫ್ಯಾನನ್ನು ಕೂರಿಸಿಕೊಡಲು ಜೊತೆಗೆ ಹೋದವನು ಭಾವ.

ಒಂಬತ್ತನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಕಾರ್ಖಾನೆಗೆ ಫೋನು ಬಂತು. ನೆಲಮಾಳಿಗೆಯಲ್ಲಿ ಫ್ಯಾನು ಓಡುತ್ತಿದ್ದಾಗ ಒಂದು ರೆಕ್ಕೆ ಮುರಿದು, ಹೊರಗಿನ ತಗಡನ್ನು ಹರಿದುಕೊಂಡು ಬಂದಿತ್ತು. ಪಕ್ಕದಲ್ಲೇ ನಿಂತು ಬೋಲ್ಟು ಬಿಗಿಮಾಡುತ್ತಿದ್ದ ಭಾವನಿಗೆ ಕೂಗಲೂ ವೇಳೆ ಸಿಕ್ಕಿರಲಿಲ್ಲ. ಅಕ್ಕನಿಗೆ ಸುದ್ದಿ ಹೇಳುವ ಕೆಲಸ ಕಿವಿಯಪ್ಪನ ಪಾಲಿಗೇ ಬಂತು. ಅವನು ಹೋದಾಗ ಅವಳು ಮಿಷನ್ನಿನ ಮುಂದೆ ಕೂತು ಯಾರದೋ ಮಗುವಿನ ಅಂಗಿಗೆ ತೋಳು ಕೂರಿಸುತ್ತಿದ್ದಳು. ಅವನ ಮುಖ ನೋಡಿ ತುಳಿಯುವುದನ್ನು ನಿಲ್ಲಿಸಿದಳು. "ಯಾಕೋ, ಊಟಕ್ಕೆ ಬಂದ್ಯಾ?" ಎಂದಳು. ಊಟಕ್ಕಲ್ಲ ಎಂಬುದು ಅವಳಿಗೆ ಆಗಲೇ ಗೊತ್ತಾಗಿತ್ತು.

ತನಿಖೆಗೆ ಇಬ್ಬರು ಅಧಿಕಾರಿಗಳು ಬಂದರು. ಮುರಿದ ರೆಕ್ಕೆಯನ್ನು ಕೊಯ್ದು ನೋಡಿದರು. ಎರಕ ಹೊಯ್ಯುವಾಗಲೇ ಒಳಗೊಂದು ಗುಳ್ಳೆ ಉಳಿದುಕೊಂಡಿತ್ತಂತೆ, ಅಲ್ಲಿಂದ ಬಿರುಕು ಬೆಳೆದಿತ್ತಂತೆ. ತಿರುಗುವಾಗ ಮಾತ್ರ ಬಾಯಿ ಬಿಡುವ ಬಿರುಕಾದ್ದರಿಂದ ನಿಂತ ಫ್ಯಾನಿನಲ್ಲಿ ಯಾರ ಕಣ್ಣಿಗೂ ಬೀಳುವಂಥದ್ದಲ್ಲವಂತೆ. ಅದೇ ಎರಕದಿಂದ ಬಂದ ಬೇರೆ ಐದು ಫ್ಯಾನುಗಳನ್ನೂ ಬಿಚ್ಚಿ ನೋಡಿದರು, ಎಲ್ಲವೂ ಸರಿಯಾಗಿದ್ದವು. ಅಳತೆಯ ಹಾಳೆಯನ್ನು ತಿರುವಿಹಾಕಿ, ಷರಾದ ಮೇಲೆ ಬೆರಳಾಡಿಸಿ, ಮುಂದಿನ ಪುಟಕ್ಕೆ ಹೋದರು. ಯಾರದೂ ತಪ್ಪಿಲ್ಲ ಎಂದು ಬರೆದು ಕಡತ ಮುಚ್ಚಿದರು.

ಮ್ಯಾನೇಜರು ಅಕ್ಕನ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಇದನ್ನೆಲ್ಲ ತಿಳಿಸಿ ಹೇಳಿದರು. ಅಕ್ಕ ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳಿದಳು: "ಯಾರಿಗೂ ಗೊತ್ತಾಗೋ ಹಾಗೇ ಇರ್ಲಿಲ್ವಂತೆ. ದೊಡ್ಡ ದೊಡ್ಡವರೇ ನೋಡಿ ಹೇಳಿದ್ದಾರೆ." ಹಾಗೆ ಹೇಳುತ್ತಲೇ ಅವಳು ಮತ್ತೆ ಒಲೆ ಹಚ್ಚಿದಳು, ಮಿಷನ್ನಿನ ಮೇಲಿನ ಬಟ್ಟೆ ತೆಗೆದಳು, ಅರ್ಧಕ್ಕೆ ಬಿಟ್ಟಿದ್ದ ಅಂಗಿಯ ತೋಳು ಮುಗಿಸಿದಳು.

ಕಿವಿಯಪ್ಪ ಕೋಣೆಗೆ ಮರಳಿದ. ಎರಡು ತಿಂಗಳು ಎರಡು ಮೈಕುಗಳ ಆ ಲೆಕ್ಕವನ್ನು ಮುಟ್ಟಲೇ ಇಲ್ಲ. ಮುಟ್ಟಿದರೆ ಏನು ಸಿಗುತ್ತದೆಂದು ಅವನಿಗೆ ಗೊತ್ತಿತ್ತು. ಮುಟ್ಟದೆ ಇರುವುದೂ ಆಗಲಿಲ್ಲ. ಕೊನೆಗೊಂದು ವಾರ ಕೂತು ಅದನ್ನು ಮುಗಿಸಿದ. ಮೊದಲು ಬೇರೆ ಫ್ಯಾನುಗಳ ಮೇಲೆ ಹಾಕಿ ನೋಡಿದ. ಹದಿನೆಂಟು ವರ್ಷ ಅವನನ್ನು ಕಾಡಿದ್ದ ದಿಬ್ಬ ಕರಗಿಹೋಗಿ, ಗೆರೆ ಗುಡಿಸಿದ ಅಂಗಳದಂತೆ ಸಮವಾಗಿ ಮಲಗಿತು. ಅಷ್ಟು ಚೊಕ್ಕವಾದ ಅಳತೆಯನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಇನ್ನೊಂದು ಕಾಲದಲ್ಲಾಗಿದ್ದರೆ ಓಡಿಹೋಗಿ ಭಾವನನ್ನು ಎಳೆದುಕೊಂಡು ಬಂದು ತೋರಿಸುತ್ತಿದ್ದ.

ಆಮೇಲೆ ಆ ಫ್ಯಾನಿನ ಕಡತ ತೆರೆದ. ದಿಬ್ಬ ಕರಗಿತು. ಮುಳ್ಳು ಉಳಿಯಿತು. ಎರಡು ಮೈಕುಗಳೂ ಅದನ್ನು ಕೇಳಿದ್ದವು. ಆ ಸದ್ದನ್ನು ನಾಲ್ಕು ಪಟ್ಟು ವೇಗದಲ್ಲಿ ಹಾಕಿ ಹೆಡ್‌ಫೋನಿನಲ್ಲಿ ಕೇಳಿದ. ಸಣ್ಣಗೆ, ಎಲ್ಲೂ ಕಡಿಯದೆ, ಝುಂ ಎನ್ನುತ್ತಿತ್ತು. ಹೆಡ್‌ಫೋನು ತೆಗೆದಿಟ್ಟು ಅವನು ಎಷ್ಟು ಹೊತ್ತು ಕೂತಿದ್ದನೋ, ಕಾವಲುಗಾರ ಬಂದು ಬಾಗಿಲು ಬಡಿದಾಗಲೇ ಎಚ್ಚರವಾದದ್ದು.

ಮರುದಿನ ಆ ಚಿತ್ರದ ಹಾಳೆಯನ್ನು ಮ್ಯಾನೇಜರ ಮೇಜಿನ ಮೇಲೆ ಇಟ್ಟ. ಅವರು ನೋಡಿ, ಎದ್ದುಹೋಗಿ ಬಾಗಿಲು ಹಾಕಿ ಬಂದರು.

"ಅವತ್ತು ಒಂದೇ ಮೈಕಿನಲ್ಲಿ ಇದು ಕಾಣ್ತಿತ್ತಾ?"

"ಕಾಣ್ತಿತ್ತು ಸರ್. ದಿಬ್ಬದೊಳಗೆ. ನಾನು ನೋಡಿದೆ."

ಮ್ಯಾನೇಜರು ಹಾಳೆಯನ್ನು ಅವನ ಕಡೆಗೇ ಸರಿಸಿದರು. "ಲಾರಿ ನಿಂತಿದೆ ಅಂದವನು ನಾನು. ನನಗೇನು ನಿದ್ದೆ ಬರ್ತಿದೆ ಅಂದ್ಕೊಂಡ್ರಾ? ಬೇಕಾದ್ರೆ ಇದನ್ನ ಅವರಿಗೆ ಕಳ್ಸಿ. ನಾನು ಬೇಡ ಅನ್ನಲ್ಲ."

ಕಿವಿಯಪ್ಪ ಅಧಿಕಾರಿಗಳಿಗೆ ಎರಡು ಪುಟ ಕಾಗದ ಬರೆದ. ನಾನು ನೋಡಿದೆ, ನೋಡಿಯೂ ಗಾಳಿ ಎಂದು ಬರೆದೆ, ಎಂದು ಬಿಡಿಸಿ ಬರೆದ. ತಿಂಗಳ ಮೇಲೆ ನಾಲ್ಕು ಸಾಲಿನ ಉತ್ತರ ಬಂತು. ಸದ್ದಿನ ಅಳತೆ ಬಿರುಕು ಹುಡುಕುವುದಕ್ಕಾಗಿ ಮಾಡುವಂಥದ್ದಲ್ಲ, ತಾವು ಹೇಳುವ ಎರಡು ಮೈಕಿನ ವಿಧಾನ ಅಂಗೀಕೃತವಾದದ್ದಲ್ಲ, ಪ್ರಕರಣ ಮುಕ್ತಾಯವಾಗಿದೆ, ತಮ್ಮ ಕಾಳಜಿಗೆ ವಂದನೆಗಳು. ಶಿಕ್ಷೆ ಕೇಳಲು ಹೋದವನಿಗೆ ಬಾಗಿಲಲ್ಲೇ ವಂದನೆ ಹೇಳಿ ಕಳಿಸಿದ್ದರು. ಐದು ಫ್ಯಾನುಗಳು ಸರಿಯಾಗಿವೆ ಎಂದು ಮೊದಲೇ ಗೊತ್ತಾಗಿದ್ದರಿಂದ, ಅವನು ಕಂಡುಹಿಡಿದದ್ದರಿಂದ ಉಳಿಯುವ ಜೀವವೂ ಯಾವುದೂ ಇರಲಿಲ್ಲ.

"ಅಕ್ಕನಿಗೆ ಹೇಳ್ಬೇಡಿ" ಅಂದಳು ಹೆಂಡತಿ. ಅವಳಿಗೆ ಅವನು ಮೊದಲೇ ಎಲ್ಲ ಹೇಳಿದ್ದ. "ನಿಮ್ಮ ಕಾಲಿಗೆ ಬೀಳ್ತೀನಿ. ಅವರು ಈಗಷ್ಟೇ ಒಂಚೂರು ಸುಧಾರಿಸ್ಕೊಂಡಿದ್ದಾರೆ."

"ಪ್ರತಿ ಸಲ ಹೋದಾಗ್ಲೂ ಯಾರಿಗೂ ಗೊತ್ತಾಗೋ ಹಾಗಿರ್ಲಿಲ್ವಂತೆ ಅಂತಾಳೆ. ನನ್ನ ಮುಖ ನೋಡ್ಕೊಂಡೇ ಅಂತಾಳೆ. ಹೂಂ ಅಂತ ಎಷ್ಟು ದಿನ ತಲೆ ಆಡಿಸ್ಲಿ?"

"ಆಡಿಸಿ. ಅದಕ್ಕೇನು ಖರ್ಚು? ಅವರಿಗೋಸ್ಕರ ಅಷ್ಟೂ ಮಾಡೋಕಾಗಲ್ವಾ?"

ಅವನಿಂದ ಆಗಲಿಲ್ಲ. ಒಂದು ಭಾನುವಾರ ಬೆಳಗ್ಗೆ ಹೋಗಿ ಹೇಳಿಬಿಟ್ಟ. ಅಕ್ಕ ನೆಲದ ಮೇಲೆ ಬಟ್ಟೆ ಹಾಸಿಕೊಂಡು ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದಳು. ಅವನು ಗೋಡೆಗೊರಗಿ ಕೂತು, ಮುಳ್ಳಿನಿಂದ ಶುರುಮಾಡಿ ಹಸಿವಿನವರೆಗೆ ಒಂದನ್ನೂ ಬಿಡದೆ ಹೇಳಿದ. ಅವಳು ಗೆರೆ ಹಾಕುವುದನ್ನು ನಿಲ್ಲಿಸಿದ್ದಳು.

"ನಾನು ಹೊಲಿದ ಬಟ್ಟೆಯಿಂದ ಹಂಗಾಯ್ತಾ?" ಎಂದು ಕೊನೆಗೆ ಕೇಳಿದಳು.

"ಇಲ್ಲಕ್ಕ. ಬಟ್ಟೆ ಸರಿಯಾಗೇ ಇತ್ತು. ಅದು ಗಾಳಿ ತಡೆದಿದ್ದಕ್ಕೇ ಮುಳ್ಳು ಅಷ್ಟಾದ್ರೂ ಕಾಣಿಸ್ತು."

"ಅಂದ್ರೆ ನಿಂಗೆ ಕಾಣ್ಲಿ ಅಂತ ಹೊಲಿದುಕೊಟ್ಟೆ. ಕಾಣ್ತು."

"ಕಾಣ್ತು, ಅಕ್ಕ."

"ಯಾಕೆ ಹೇಳಿದೆ?" ಅಕ್ಕನ ದನಿ ಏರಲಿಲ್ಲ. "ಹೇಳದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಯಾರ ಕೈಲೂ ಇಲ್ಲದ್ದು, ಆಗಿಹೋಯ್ತು ಅಂದ್ಕೊಂಡು ಇದ್ದೆ. ಈಗ ಏನು ಮಾಡ್ಲಿ? ನಿನ್ನ ಬೈಯ್ಲಾ? ಹತ್ತು ವರ್ಷದವನಿಂದ ತಲೆ ಬಾಚಿ ಸಾಕಿದ್ದೀನಿ, ಬೈಯೋಕೆ ಬಾಯಿ ಬರಲ್ಲ. ಪರವಾಗಿಲ್ಲ ಬಿಡು ಅನ್ಲಾ? ಅದೂ ಬರಲ್ಲ. ನೀನು ಹೇಳಿ ಹಗುರಾದೆ."

"ಹಗುರಾಗ್ಲಿಲ್ಲ, ಅಕ್ಕ."

"ಹಂಗಾದ್ರೆ ಇಬ್ಬರಿಗೂ ಇಲ್ಲ."

ಅವಳು ಎದ್ದು ಟೀ ಮಾಡಿ ತಂದುಕೊಟ್ಟಳು. ಸಕ್ಕರೆ ಸರಿಯಾಗಿತ್ತು. ಲೋಟವನ್ನು ಅವನ ಕೈಗೆ ಕೊಡದೆ ಪಕ್ಕದಲ್ಲಿ ನೆಲದ ಮೇಲೆ ಇಟ್ಟಳು. ಅದಕ್ಕಿಂತ ಅವಳು ಕೈಯೆತ್ತಿ ಹೊಡೆದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಅದಾದ ಮೇಲೆ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಅದರ ಜಾಗದಲ್ಲಿ ಬೇರೆ ಮಾತೂ ಬರಲಿಲ್ಲ. ಹೊಲಿಗೆಗೆ ಬಂದವರೊಡನೆ ಅಳತೆ, ಬಟನು, ಯಾವತ್ತು ಬೇಕು, ಇಷ್ಟೇ. ಕಿವಿಯಪ್ಪ ಪ್ರತಿ ಭಾನುವಾರ ಹೋಗುತ್ತಿದ್ದ. ಅವನು ಬಂದು ಕೂತ ಕೂಡಲೇ ಅವಳು ಮಿಷನ್ನು ತುಳಿಯಲು ಶುರುಮಾಡುತ್ತಿದ್ದಳು, ಏಳುವವರೆಗೂ ನಿಲ್ಲಿಸುತ್ತಿರಲಿಲ್ಲ. ಒಂದು ಭಾನುವಾರ ಸೂಜಿಯ ಕೆಳಗೆ ಬಟ್ಟೆಯೇ ಇಲ್ಲದೆ ಬರಿದೇ ತುಳಿಯುತ್ತಿದ್ದಳು. ಅದನ್ನು ಇಬ್ಬರೂ ಒಟ್ಟಿಗೇ ಗಮನಿಸಿದರು.

"ಬರ್ಬೇಡ ಅಂತ ಹೇಳೋಕೆ ನನ್ನಿಂದ ಆಗಲ್ಲ ಕಣೋ" ಅಂದಳು ಅಕ್ಕ, ಚಕ್ರದ ಮೇಲೆ ಕೈಯಿಟ್ಟು. "ನೀನೇ ಅರ್ಥ ಮಾಡ್ಕೋ."

ಅವನು ಅರ್ಥ ಮಾಡಿಕೊಂಡ. ಈಗ ಅಕ್ಕನ ಮನೆಗೆ ಹೋಗಿಬರುವವಳು ಹೆಂಡತಿ. ಕಾರ್ಖಾನೆಯಲ್ಲಿ ಅವನು ಕೇಳಿಕೊಂಡ ಮೇಲೆ ಮ್ಯಾನೇಜರು ಅವನನ್ನು ಬಣ್ಣ ಬಳಿಯುವ ವಿಭಾಗಕ್ಕೆ ಹಾಕಿದರು. ಅಳತೆಯ ಕೋಣೆಗೆ ಹೊಸಬಳೊಬ್ಬಳು ಬಂದಿದ್ದಾಳೆ, ಚುರುಕಿನವಳು. ಎರಡು ಮೈಕಿನ ಲೆಕ್ಕವನ್ನು ಅವನಿಗಿಂತ ಚೆನ್ನಾಗಿ ನಡೆಸುತ್ತಾಳೆ ಎಂದು ಎಲ್ಲರೂ ಹೇಳುತ್ತಾರೆ. ಒಮ್ಮೆ ಏನೋ ಸಂಶಯ ಕೇಳಲು ಅವಳು ಬಣ್ಣದ ಶೆಡ್ಡಿನವರೆಗೂ ಬಂದಿದ್ದಳು. ಬಟ್ಟೆಯ ಚೀಲ ಸವೆದಿದೆ, ಎಲ್ಲಿ ಹೊಲಿಸಿದ್ರಿ ಸರ್, ಎಂದು ಕೇಳಿದಳು. ಯಾವ ದರ್ಜಿಯ ಹತ್ತಿರವಾದರೂ ಆಗುತ್ತದೆ ಎಂದು ಹೇಳಿ ಅವನು ಕುಂಚ ಅದ್ದಿಕೊಂಡ.

ಭಾನುವಾರ ಬೆಳಗ್ಗೆ ಮಾತ್ರ ಮನೆಯಲ್ಲಿ ಕೂರಲಾಗುವುದಿಲ್ಲ. ಅಂಗಿ ಹಾಕಿಕೊಂಡು ಹೊರಡುತ್ತಾನೆ. ಅಕ್ಕನ ಬೀದಿಯ ತಿರುವಿನವರೆಗೆ ನಡೆದುಹೋಗಿ, ಅಲ್ಲಿನ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು, ಬಂದ ದಾರಿಯಲ್ಲೇ ವಾಪಸಾಗುತ್ತಾನೆ. ಎಲ್ಲಿಗೆ ಹೋಗಿದ್ರಿ ಎಂದು ಹೆಂಡತಿ ಕೇಳುವುದಿಲ್ಲ. ಊಟಕ್ಕೆ ತಟ್ಟೆ ಹಾಕುತ್ತಾಳೆ. ಅವನು ತನಗೆ ಹಸಿವಿಲ್ಲ ಅನ್ನುತ್ತಾನೆ.